ಮಾತ್ರೆ ನಿಲ್ಲಿಸಬೇಡಿ ಎಂದು ಮೈಕಿನಲ್ಲೇ ಹೇಳಿ: ಸಭಾಪಾಲಕರಿಗೂ ಸಭಾ ಹಿರಿಯರಿಗೂ ಬಹಿರಂಗ ಪತ್ರ

ಕರ್ನಾಟಕದ ಸಭಾಪಾಲಕರಿಗೆ, ಧರ್ಮಕೇಂದ್ರಗಳ ಗುರುಗಳಿಗೆ, ಸಭಾ ಸಮಿತಿಯ ಹಿರಿಯರಿಗೆ, ರೋಗ ಗುಣವಾಗಲೆಂದು ಪ್ರಾರ್ಥಿಸುವ ಸ್ವಸ್ಥತಾ ಕೂಟಗಳನ್ನು ಏರ್ಪಡಿಸುವ ಸಹೋದರ ಸಹೋದರಿಯರಿಗೆ ಕ್ರಿಸ್ತ ಯೇಸುವಿನಲ್ಲಿ ವಂದನೆಗಳು.

ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇವೆ. ಪ್ರಾರ್ಥನೆ ಮಾಡಿಸಿಕೊಂಡವರು ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬಾರದು ಎಂದು ಪ್ರತಿ ಕೂಟದಲ್ಲೂ ವೇದಿಕೆಯಿಂದಲೇ ಹೇಳಿ. ಗುಣವಾಯಿತೆಂಬ ಸಾಕ್ಷಿಯನ್ನು ಅದೇ ರಾತ್ರಿ ಹೇಳಿಸಬೇಡಿ. ಗುಣವಾಗದವರಿಗೆ ‘ನಿನಗೆ ನಂಬಿಕೆ ಸಾಲದು’ ಎನ್ನಬೇಡಿ. ಕರ್ತನು ಗುಣಪಡಿಸಬಲ್ಲನೆಂದು ನಂಬಿದವರೇ ನಿಮಗಿದನ್ನು ಬರೆಯುತ್ತಿದ್ದೇವೆ. ಆತನ ಶಕ್ತಿಯ ಬಗ್ಗೆ ನಮಗೆ ಸಂಶಯವಿಲ್ಲ. ಆ ಶಕ್ತಿಯನ್ನು ಕಣ್ಣಾರೆ ಕಂಡರೆ ಮಾತ್ರ ನಂಬಿಕೆ ನಿಲ್ಲುತ್ತದೆ ಎಂಬಂತೆ ನಮ್ಮ ಸಭೆಗಳು ನಡೆದುಕೊಳ್ಳುತ್ತಿರುವುದೇ ನಮ್ಮ ಚಿಂತೆ.

ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯವನ್ನು ಒಮ್ಮೆ ಎಲ್ಲೂ ನಿಲ್ಲಿಸದೆ ಓದಿ. ಐದು ರೊಟ್ಟಿ, ಎರಡು ಮೀನು. ಉಂಡ ಗಂಡಸರೇ ಸುಮಾರು 5,000. ಉಳಿದದ್ದು ಹನ್ನೆರಡು ಪುಟ್ಟಿ. ಮರುದಿನ ಅದೇ ಜನ ದೋಣಿ ಹತ್ತಿ ಕಪೆರ್ನೌಮಿಗೆ ಬಂದು, ನಿನ್ನನ್ನು ನಂಬಬೇಕಾದರೆ ಯಾವ ಸೂಚಕಕಾರ್ಯ (ದೇವರ ಗುರುತಾದ ಅದ್ಭುತ) ಮಾಡಿ ತೋರಿಸುತ್ತೀ ಎಂದು ಕೇಳುತ್ತಾರೆ. ನಿನ್ನೆಯ ರೊಟ್ಟಿ ಲೆಕ್ಕಕ್ಕೇ ಬರಲಿಲ್ಲ. ಅಧ್ಯಾಯ ಮುಗಿಯುವ ಹೊತ್ತಿಗೆ ಶಿಷ್ಯರಲ್ಲೇ ಅನೇಕರು ಆತನನ್ನು ಬಿಟ್ಟು ಹೋಗಿದ್ದಾರೆ. ಲಾಜರನು ಸಮಾಧಿಯಿಂದ ಎದ್ದು ಬಂದಾಗಲೂ ಹಾಗೆಯೇ. ಕೆಲವರು ನಂಬಿದರು, ಮಹಾಯಾಜಕರು ಯೇಸುವಿನ ಜೊತೆಗೆ ಲಾಜರನನ್ನೂ ಕೊಲ್ಲಬೇಕೆಂದು ಆಲೋಚಿಸಿದರು. ಸಮುದ್ರ ಇಬ್ಭಾಗವಾದದ್ದನ್ನು ನೋಡಿ, ದಿನವೂ ಮನ್ನ ತಿನ್ನುತ್ತಿದ್ದ ಜನ ಮೋಶೆ ನಲವತ್ತು ದಿನ ಬೆಟ್ಟದ ಮೇಲಿದ್ದಷ್ಟಕ್ಕೇ ಚಿನ್ನದ ಕರು ಮಾಡಿಕೊಂಡರು. ಅದ್ಭುತ ನೋಡಿದವನಿಗೆ ನಂಬಿಕೆ ತಾನಾಗಿ ಹುಟ್ಟುತ್ತದೆ ಎಂಬ ಮಾತಿಗೆ ಸತ್ಯವೇದದಲ್ಲೇ ಆಧಾರ ಕಡಿಮೆ. ಅಲ್ಲಿ ಮತ್ತೆ ಮತ್ತೆ ಕಾಣುವುದು ಇನ್ನೊಂದು ಅದ್ಭುತಕ್ಕಾಗಿ ಹುಟ್ಟುವ ಹಸಿವು.

ಸೂಚಕಕಾರ್ಯ ಕೇಳಿದ ಫರಿಸಾಯರಿಗೆ ಯೇಸು ಕೊಟ್ಟ ಉತ್ತರ ಮತ್ತಾಯನ ಸುವಾರ್ತೆಯಲ್ಲಿ ಎರಡು ಸಲ ಬಂದಿದೆ, 12ನೆಯ ಅಧ್ಯಾಯದಲ್ಲೊಮ್ಮೆ, 16ರಲ್ಲೊಮ್ಮೆ: ಯೋನನ ಗುರುತೇ ಹೊರತು ಬೇರೆ ಗುರುತು ಸಿಗುವುದಿಲ್ಲ. ಯೋನನು ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದ ಹಾಗೆ ಮನುಷ್ಯಕುಮಾರನು ಭೂಗರ್ಭದಲ್ಲಿರುವನು. ಕ್ರಿಸ್ತನ ಮರಣ, ಹೂಣಿಡುವಿಕೆ, ಪುನರುತ್ಥಾನ, ಸಭೆ ನಿಂತಿರುವುದು ಇದರ ಮೇಲೆ. ಹಾಗಾದರೆ ಯೇಸು ಅದ್ಭುತಗಳನ್ನು ಮಾಡಲಿಲ್ಲವೇ ಎಂದು ಕೇಳುವವರಿದ್ದಾರೆ. ಮಾಡಿದನು. ನೀವು ನಂಬುವಂತೆ ಇವುಗಳನ್ನು ಬರೆದಿದೆ ಎಂದು ಯೋಹಾನನು 20ನೆಯ ಅಧ್ಯಾಯದ ಕೊನೆಯಲ್ಲಿ ಹೇಳುತ್ತಾನೆ. ನಮಗೆ ಸಿಕ್ಕಿರುವುದು ಆ ಬರಹ, ಮತ್ತು ಅದಕ್ಕೆ ಸ್ವಲ್ಪ ಮೊದಲು ತೋಮನಿಗೆ ಹೇಳಿದ ಮಾತು: ನೋಡದೆ ನಂಬಿದವರು ಧನ್ಯರು. ನಿಮ್ಮ ಬೋಧನೆಗೆ ಅದ್ಭುತಗಳ ಸಾಕ್ಷಿ ಎಲ್ಲಿದೆ ಎಂದು ಪ್ರೊಟೆಸ್ಟೆಂಟ್ ಸುಧಾರಣೆಯ ಕಾಲದಲ್ಲಿ ಸವಾಲು ಬಂದಾಗ ಸುಧಾರಕ ಜಾನ್ ಕ್ಯಾಲ್ವಿನ್ ಫ್ರಾನ್ಸಿನ ದೊರೆ ಫ್ರಾನ್ಸಿಸನಿಗೆ ಬರೆದ, 1536ರಲ್ಲಿ ಅಚ್ಚಾದ ಪತ್ರದಲ್ಲಿ ಉತ್ತರಿಸಿದ್ದೂ ಇದನ್ನೇ. ನಾವು ಹೊಸ ಸುವಾರ್ತೆಯನ್ನೇನೂ ಸಾರುತ್ತಿಲ್ಲ, ಕ್ರಿಸ್ತನೂ ಅಪೊಸ್ತಲರೂ ಮಾಡಿದ ಅದ್ಭುತಗಳೇ ನಮ್ಮ ಸುವಾರ್ತೆಗೂ ಮುದ್ರೆ ಎಂಬುದು ಅವನ ವಾದ.

ಸೂಚನೆ ಹುಡುಕುವ ಅಭ್ಯಾಸ ಸ್ವಸ್ಥತಾ ಕೂಟದಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ಡಿಸೆಂಬರ್ 31ರ ರಾತ್ರಿ ಆರಾಧನೆಯ ಕೊನೆಯಲ್ಲಿ ಬುಟ್ಟಿಯಿಂದ ಎತ್ತುವ ವಾಗ್ದಾನದ ಕಾರ್ಡ್ ನೋಡಿ. ದೇವರ ವಾಕ್ಯವನ್ನು ಮನೆಗೆ ಒಯ್ಯುವುದು ಒಳ್ಳೆಯದೇ. ಆದರೆ ಚೀಟಿ ಎತ್ತಿ ಬಂದ ವಚನವನ್ನು ‘ಈ ವರ್ಷ ನನಗೆ ಹೀಗೇ ಆಗುತ್ತದೆ’ ಎಂದು ಓದಿದರೆ ಅದಕ್ಕೂ ಶಕುನಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಹೆಚ್ಚು ಕಾರ್ಡುಗಳಲ್ಲಿ ಅಚ್ಚಾಗುವ ವಚನಗಳಲ್ಲಿ ಯೆರೆಮೀಯ 29:11 ಒಂದು: ದೇವರ ಆಲೋಚನೆಗಳು ಅಹಿತದವಲ್ಲ, ಹಿತದವು. ಅದರ ಹಿಂದಿನ ವಚನ ಮಾತ್ರ ಕಾರ್ಡಿನಲ್ಲಿ ಇರುವುದಿಲ್ಲ. ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ಎಂದು ಅಲ್ಲಿದೆ. ಅಲ್ಲಿಗೆ ಸೆರೆಹೋದವರಿಗೆ ಯೆರೆಮೀಯನು ಬರೆದ ಆ ಪತ್ರ ಓದಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಜನ ಸೆರೆಯ ನಾಡಿನಲ್ಲೇ ಮಣ್ಣಾದರು. ಅವರಿಗೆ ಯೆರೆಮೀಯನು ಹೇಳಿದ್ದು ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಹೋದ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು. ಒಂದೇ ಅಧ್ಯಾಯ ಹಿಂದೆ, 28ರಲ್ಲಿ, ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ಬಾಬೆಲಿನ ದಾಸತ್ವದ ಗುರುತಾಗಿ ಯೆರೆಮೀಯನ ಹೆಗಲಿನಲ್ಲಿದ್ದ ನೊಗ ಮುರಿದು, ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಎಂದ. ಜನರಿಗೆ ಯಾವುದು ಹಿತವಾಗಿ ಕೇಳಿಸಿತೋ ಊಹಿಸುವುದು ಕಷ್ಟವಲ್ಲ. ಎರಡು ವರ್ಷ ಎಂದವನು ಸುಳ್ಳು ಪ್ರವಾದಿ, ಎಪ್ಪತ್ತು ಎಂದವನು ನಿಜವಾದ ಪ್ರವಾದಿ. ಕಾರ್ಡ್ ಹಂಚುವುದಾದರೆ ವಚನದ ಜೊತೆ ಅಧ್ಯಾಯವನ್ನೂ ಅಚ್ಚು ಹಾಕಿಸಿ, ಜನವರಿಯ ಮೊದಲ ವಾರದ ಮನೆಪ್ರಾರ್ಥನೆಗಳಲ್ಲಿ ಆ ಅಧ್ಯಾಯವನ್ನು ಪೂರ್ತಿ ಓದಿಸಿ.

ಗಿದ್ಯೋನನು ಉಣ್ಣೆ ಹಾಸಿ, ಅದು ಇಬ್ಬನಿಯಲ್ಲಿ ನೆನೆಯುವುದನ್ನೇ ದೇವರಿಂದ ಗುರುತಾಗಿ ಕೇಳಿದ ಮಾತೂ ಹೀಗೆಯೇ. ‘ನಾಳೆ ಸಂಜೆಯೊಳಗೆ ಫೋನ್ ಬಂದರೆ ಈ ಸಂಬಂಧ ಕರ್ತನ ಚಿತ್ತ’ ಎಂದು ಮದುವೆ ನಿಶ್ಚಯಿಸುವ ಮನೆಗಳಿವೆ. ನ್ಯಾಯಸ್ಥಾಪಕರು 6ರಲ್ಲಿ ಗಿದ್ಯೋನನು ಉಣ್ಣೆ ಹಾಸುವ ಮೊದಲೇ ದೇವರು ಅವನಿಗೆ ಏನು ಮಾಡಬೇಕೆಂದು ಸ್ಪಷ್ಟವಾಗಿ ಹೇಳಿಯಾಗಿತ್ತು. ಎರಡನೆಯ ಸಲ ಕೇಳುವಾಗ ‘ಕೋಪಿಸಬೇಡ’ ಎಂದು ಅಂಜುತ್ತಲೇ ಕೇಳಿದ. ಅವನ ಬಲಹೀನತೆಯನ್ನು ದೇವರು ಸಹಿಸಿಕೊಂಡದ್ದು ನಮಗೆ ವಿಧಾನವಾಗುವುದಿಲ್ಲ.

ಈಗ ಔಷಧಿಯ ವಿಷಯ. ಇದರಲ್ಲಿ ಜೀವಗಳೇ ಹೋಗುವುದರಿಂದ ಬಿಡಿಸಿ ಹೇಳುತ್ತೇವೆ.

ಕ್ಷಯರೋಗಕ್ಕೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳು, ಮುಂದಿನ ನಾಲ್ಕು ತಿಂಗಳು ಮೂರು. ಮೊದಲ ಕೆಲವು ವಾರಗಳಲ್ಲೇ ಜ್ವರ ಇಳಿಯುತ್ತದೆ, ಕೆಮ್ಮು ತಗ್ಗುತ್ತದೆ, ತೂಕ ಏರುತ್ತದೆ. ಕೂಟ ನಡೆದದ್ದು ಆ ವಾರದಲ್ಲಾದರೆ ರೋಗಿ ಗುಣವಾದೆನೆಂದು ನಂಬುವುದು ಸಹಜ. ಆದರೆ ಒಳಗೆ ಉಳಿದ ರೋಗಾಣುಗಳು ಮಾತ್ರೆ ನಿಂತೊಡನೆ ತಲೆಯೆತ್ತುತ್ತವೆ. ಅವು ಔಷಧಿಗೆ ಬಗ್ಗದಂತಾದರೆ ಮುಂದಿನ ಚಿಕಿತ್ಸೆ ಇನ್ನೂ ಕಠಿಣ, ಮನೆಯವರಿಗೂ ಹರಡುವ ರೋಗ ಅದೇ ಮೊಂಡು ರೋಗ. ಮೂರ್ಛೆರೋಗದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೊಂದು ನಿಲ್ಲದೆ ಬಂದು ಪ್ರಾಣ ಹೋಗಬಹುದು. ವರ್ಷಗಟ್ಟಲೆ ಫಿಟ್ಸ್ ಬಾರದಿದ್ದವರಿಗೂ ವೈದ್ಯರು ಪ್ರಮಾಣವನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುವುದು ಇದಕ್ಕಾಗಿಯೇ. ಟೈಪ್ 1 ಸಕ್ಕರೆ ಕಾಯಿಲೆಯ ಮಗುವಿಗೆ ಇನ್ಸುಲಿನ್ ತಪ್ಪಿದರೆ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಒಂದೆರಡು ದಿನದಲ್ಲೇ, ರಕ್ತ ಆಮ್ಲವಾಗಿ ವಾಂತಿ, ಏದುಸಿರು, ಪ್ರಜ್ಞೆ ತಪ್ಪುವುದು ಶುರುವಾಗುತ್ತದೆ. ಬಹುಕಾಲ ಸ್ಟಿರಾಯ್ಡ್ ನುಂಗಿದವರು ಏಕಾಏಕಿ ಬಿಟ್ಟರೆ ರಕ್ತದೊತ್ತಡ ಕುಸಿದು ಬೀಳಬಹುದು. ಮಾನಸಿಕ ರೋಗದ ಔಷಧಿ ನಿಂತರೆ ಕೆಲವರಿಗೆ ಮೊದಲ ಕೆಲವು ದಿನ ಮಂಪರು ಹರಿದು ಹಗುರವೆನಿಸಬಹುದು. ಅದೇ ದಿನಗಳಲ್ಲಿ ಸಾಕ್ಷಿ ಹೇಳಿಸಲಾಗುತ್ತದೆ. ರೋಗ ಮರುಕಳಿಸುವುದು ವಾರಗಳ, ತಿಂಗಳುಗಳ ನಂತರ, ಆಗ ಮೈಕ್ ಇರುವುದಿಲ್ಲ.

ಎಚ್‌ಐವಿ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಎಆರ್‌ಟಿ ಎಂಬ ಎಚ್‌ಐವಿ ಮಾತ್ರೆ ತಪ್ಪದೆ ನುಂಗುವವರ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ, ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬರುತ್ತದೆ. ಅದು ಔಷಧಿ ಕೆಲಸ ಮಾಡುತ್ತಿರುವ ಗುರುತು. ರೋಗ ಹೋಗಿದೆ ಎಂದು ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ವಾರಗಳಲ್ಲೇ ವೈರಸ್ ಮರಳುತ್ತದೆ. ಆ ಕಾಗದವನ್ನು ವೇದಿಕೆಯ ಮೇಲೆ ಎತ್ತಿ ತೋರಿಸುವವರಿಗೆ ದಯವಿಟ್ಟು ಇದನ್ನು ತಿಳಿಸಿ.

ವೇದಿಕೆಯಲ್ಲಿ ನಿಜವಾಗಿ ಏನಾಗುತ್ತದೆ? ಎಲ್ಲವೂ ನಟನೆ ಎಂದು ನಾವು ಹೇಳುವುದಿಲ್ಲ. ಸಾವಿರಾರು ಜನ, ಏರುದನಿಯ ಹಾಡು, ತಲೆಯ ಮೇಲೆ ಕೈ, ಇಂಥ ಹೊತ್ತಿನಲ್ಲಿ ದೇಹ ತಾನೇ ನೋವು ನಿವಾರಕಗಳನ್ನು ಸುರಿಸುತ್ತದೆ. ಸೊಂಟ ನೋವಿನವರು ಬಗ್ಗಿ ಏಳುತ್ತಾರೆ, ಮಂಡಿ ನೋವಿನವರು ಓಡುತ್ತಾರೆ. ಮರುದಿನ ಬೆಳಗ್ಗೆ ನೋವು ಮರಳುತ್ತದೆ, ಓಡಿದ್ದರಿಂದ ಕೆಲವೊಮ್ಮೆ ಹೆಚ್ಚಾಗಿಯೇ. ಇನ್ನು ಕೆಲವು ಕಾಯಿಲೆಗಳು ತಾವಾಗಿಯೇ ಹೋಗುವಂಥವು. ಬಾಯಿ ಒಂದು ಕಡೆಗೆ ಸೊಟ್ಟಗಾಗುವ ಬೆಲ್ಸ್ ಪಾಲ್ಸಿ ಬಹುಪಾಲು ಜನರಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಸರಿಹೋಗುತ್ತದೆ. ಐದು ಮಿಲಿಮೀಟರಿಗಿಂತ ಚಿಕ್ಕ ಮೂತ್ರಕಲ್ಲು ಹೆಚ್ಚಿನವರಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ಕಲುಷಿತ ನೀರಿನಿಂದ ಬರುವ ಕಾಮಾಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಇವಕ್ಕಾಗಿಯೂ ದೇವರಿಗೆ ಸ್ತೋತ್ರ ಹೇಳೋಣ, ಖಂಡಿತ. ಅದ್ಭುತವೆಂದು ಸಾರಲು ಮಾತ್ರ ಬಾರದು. ಗಿಡ್ಡ ಕಾಲು ಉದ್ದವಾಯಿತು ಎಂದು ತೋರಿಸುವುದಿದೆಯಲ್ಲ, ಕುರ್ಚಿಯ ಮೇಲೆ ಕೂತವರ ಸೊಂಟ ಒಂದಿಷ್ಟು ವಾಲಿದರೆ, ಹಿಮ್ಮಡಿಯ ಕಡೆ ಬೂಟು ತುಸು ಸಡಿಲಾದರೆ ಒಂದು ಕಾಲು ಒಂದೆರಡು ಸೆಂಟಿಮೀಟರ್ ಗಿಡ್ಡ ಕಾಣುತ್ತದೆ. ನೆಟ್ಟಗೆ ಎಳೆದರೆ ಸಮ. ಬೂಟು ಕಳಚಿಸಿ, ಮಲಗಿಸಿ, ಟೇಪು ಹಿಡಿದು ಸೊಂಟದ ಮೂಳೆಯಿಂದ ಕಣಕಾಲಿನ ಗಂಟಿನವರೆಗೆ ಮೊದಲೂ ಆಮೇಲೂ ಅಳೆಯಿರಿ. ಅಳೆಯಲು ಒಪ್ಪದ ಬೋಧಕರಿಗೆ ವೇದಿಕೆ ಕೊಡಬೇಡಿ.

ಹೆಸರು ಹಿಡಿದು, ರೋಗ ಹೇಳಿ, ಮನೆಯ ಸಂಖ್ಯೆ ಹೇಳುವ ‘ಪ್ರವಾದನೆ’ಯ ಬಗ್ಗೆ ಇನ್ನೂ ಎಚ್ಚರ ಬೇಕು. 1986ರಲ್ಲಿ ಅಮೆರಿಕದ ಪೀಟರ್ ಪೊಪಾಫ್ ಎಂಬ ಬೋಧಕನ ಕೂಟದಲ್ಲಿ, ಇಂಥ ಮೋಸಗಳನ್ನು ಬಯಲಿಗೆಳೆಯುತ್ತಿದ್ದ ಜಾದೂಗಾರ ಜೇಮ್ಸ್ ರ್ಯಾಂಡಿಯ ತಂಡ ರೇಡಿಯೋ ಗ್ರಾಹಕ ಇಟ್ಟು ಕೇಳಿದಾಗ 39.17 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿದ್ದು ಅವನ ಹೆಂಡತಿಯ ಧ್ವನಿ. ಕೂಟಕ್ಕೆ ಮುಂಚೆ ಜನ ತುಂಬಿಕೊಟ್ಟ ಪ್ರಾರ್ಥನೆಯ ಚೀಟಿಗಳನ್ನು ಆಕೆ ಓದುತ್ತಿದ್ದಳು, ಅವನ ಕಿವಿಯಲ್ಲಿದ್ದ ಸಣ್ಣ ಯಂತ್ರಕ್ಕೆ ಅದು ತಲುಪುತ್ತಿತ್ತು. ಇಂದು ಚೀಟಿಯ ಬದಲು ನೋಂದಣಿ ಫಾರಂ, ವಾಟ್ಸಾಪ್ ಪ್ರಾರ್ಥನಾ ಗುಂಪು, ಫೇಸ್‌ಬುಕ್ ಖಾತೆ ಇವೆ. ಅತಿಥಿ ಬೋಧಕರ ಕೈಗೆ ಪ್ರಾರ್ಥನಾ ವಿನಂತಿಗಳು ಕೂಟಕ್ಕೆ ಮೊದಲು ಹೋಗಬಾರದು. ನೋಂದಣಿಯ ಪಟ್ಟಿ ಸಭೆಯ ಕಾರ್ಯದರ್ಶಿಯ ಬಳಿಯೇ ಇರಲಿ. ಹೇಳಿದ ಪ್ರವಾದನೆಯನ್ನು ತಾರೀಖಿನ ಸಮೇತ ಬರೆದಿಟ್ಟುಕೊಂಡು ವರ್ಷದ ಕೊನೆಗೆ ತೆಗೆದು ನೋಡಿ. ಧರ್ಮೋಪದೇಶಕಾಂಡ 18:22 ಕೇಳುವುದು ಇಷ್ಟನ್ನೇ: ಹೇಳಿದ್ದು ನಡೆಯಿತೋ ಇಲ್ಲವೋ. 13ನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಸೂಚನೆ ನಿಜವಾದರೂ ಬೋಧನೆ ದೇವರಿಂದ ದೂರ ಒಯ್ಯುವುದಾದರೆ ಕಿವಿಗೊಡಬೇಡಿ ಎನ್ನುತ್ತದೆ.

ಪ್ರತಿಮೆಯ ಕಣ್ಣೀರು, ಪ್ರಸಾದದ ರೊಟ್ಟಿಯಲ್ಲಿ ರಕ್ತ, ಸೂರ್ಯನಲ್ಲಿ ಮರಿಯಮ್ಮನವರ ರೂಪ ಇವೂ ಇದೇ ಸಾಲಿನವು. 2012ರಲ್ಲಿ ಮುಂಬೈನ ಇರ್ಲಾದಲ್ಲಿ ಶಿಲುಬೆಯ ಪಾದದಿಂದ ತೊಟ್ಟಿಕ್ಕಿದ ನೀರನ್ನು ಜನ ಭಕ್ತಿಯಿಂದ ಸಂಗ್ರಹಿಸಿದರು. ಕಟ್ಟಿಕೊಂಡ ಚರಂಡಿಯ ನೀರು ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ ಬರುತ್ತಿದೆ ಎಂದು ತೋರಿಸಿದ ವಿಚಾರವಾದಿ ಸನಲ್ ಇಡಮರುಕು ಅವರ ಮೇಲೆ ಪೊಲೀಸ್ ದೂರುಗಳಾದವು. ಅದನ್ನು ಮೊದಲು ಹುಡುಕಿ ಜನರಿಗೆ ತಿಳಿಸಬೇಕಾದವರು ನಾವು, ಕ್ರೈಸ್ತರು. 2008ರಲ್ಲಿ ಕೇರಳದ ಕೊಟ್ಟಾಯಂ ಜಿಲ್ಲೆಯಲ್ಲಿ ಆಕಾಶದಲ್ಲಿ ದರ್ಶನವಾಗುತ್ತದೆಂದು ಸೂರ್ಯನನ್ನೇ ದಿಟ್ಟಿಸಿದ ಹತ್ತಾರು ಜನರ ಅಕ್ಷಿಪಟಲ ಸುಟ್ಟಿತು. ಆ ಹೊತ್ತಿನಲ್ಲಿ ನೋವೇ ಆಗದಿರುವುದರಿಂದ ಜನ ನೋಡುತ್ತಲೇ ಇರುತ್ತಾರೆ. ತೇವದಲ್ಲಿಟ್ಟ ರೊಟ್ಟಿ ಕೆಂಪಾಗುವುದು ಹೆಚ್ಚಾಗಿ ಸೆರಾಷಿಯಾ ಎಂಬ ಸೂಕ್ಷ್ಮಾಣುವಿನಿಂದ. ಬೆಚ್ಚನೆಯ ಒದ್ದೆ ಹಿಟ್ಟಿನ ಪದಾರ್ಥದ ಮೇಲೆ ಒಂದೆರಡು ದಿನದಲ್ಲಿ ಅದು ರಕ್ತದ ಬಣ್ಣ ಬಿಡುತ್ತದೆ. ನಿಮ್ಮಲ್ಲಿ ಹೀಗಾದರೆ ಮೊದಲು ಆ ಜಾಗಕ್ಕೆ ಬೀಗ ಹಾಕಿ, ವಿಡಿಯೋ ಹಂಚುವುದನ್ನು ತಡೆಯಿರಿ, ಕಾಣಿಕೆ ಡಬ್ಬಿ ಇಡಬೇಡಿ. ಪ್ರತಿಮೆಯ ಹಿಂದಿನ ಗೋಡೆ, ಮೇಲಿನ ಟ್ಯಾಂಕು, ಪೈಪು ನೋಡಿಸಿ. ದ್ರವವನ್ನು ಪ್ರಯೋಗಾಲಯಕ್ಕೆ ಕಳಿಸಿ. ಕಥೋಲಿಕ ಸಹೋದರರಿಗೆ ಇದರ ದಾರಿ ಈಗ ಸ್ಪಷ್ಟವಾಗಿಯೇ ಇದೆ. ವ್ಯಾಟಿಕನ್ 2024ರ ಮೇ 17ರಂದು ಪ್ರಕಟಿಸಿದ ನಿಯಮಗಳ ಪ್ರಕಾರ ಇಂಥ ಘಟನೆಯನ್ನು ಧರ್ಮಾಧ್ಯಕ್ಷರು ವಿಚಾರಣೆ ಮಾಡಿಸಬೇಕು, ಆರು ಬಗೆಯ ತೀರ್ಮಾನಗಳಲ್ಲಿ ಒಂದಕ್ಕೆ ಬರಬೇಕು. ಅವುಗಳಲ್ಲಿ ಅತ್ಯಂತ ಅನುಕೂಲಕರವಾದದ್ದು ಕೂಡ ‘ಅಡ್ಡಿಯಿಲ್ಲ’ ಎನ್ನುತ್ತದೆ ಅಷ್ಟೇ. ದೈವಿಕವೆಂದು ಮುದ್ರೆ ಒತ್ತುವುದಿಲ್ಲ, ನಂಬಲೇಬೇಕೆಂದು ಯಾರನ್ನೂ ಕಟ್ಟಿಹಾಕುವುದಿಲ್ಲ.

ಪರೀಕ್ಷಿಸುವುದು ಅಪನಂಬಿಕೆ ಎಂದುಕೊಂಡವರು ಯಾಜಕಕಾಂಡ 13 ಮತ್ತು 14ನ್ನು ಓದಲಿ. ಚರ್ಮದ ಮಚ್ಚೆಯನ್ನು ಯಾಜಕನು ನೋಡಬೇಕು, ಏಳು ದಿನ ಪ್ರತ್ಯೇಕವಾಗಿಡಬೇಕು, ಮತ್ತೆ ನೋಡಬೇಕು, ಬೇಕಾದರೆ ಇನ್ನೂ ಏಳು ದಿನ. ವಾಸಿಯಾದವನನ್ನು ಪಾಳೆಯದ ಹೊರಗೆ ಹೋಗಿ ಪರೀಕ್ಷಿಸಿ, ಎಂಟನೆಯ ದಿನ ಕಾಣಿಕೆಯೊಡನೆ ದೇವರ ಸನ್ನಿಧಿಯಲ್ಲಿ ನಿಲ್ಲಿಸಬೇಕು. ಮಾರ್ಕ 1:44ರಲ್ಲಿ ಯೇಸು ತಾನೇ ಮುಟ್ಟಿ ಗುಣಪಡಿಸಿದ ಕುಷ್ಠರೋಗಿಗೆ, ಯಾರಿಗೂ ಹೇಳಬೇಡ, ಹೋಗಿ ಯಾಜಕನಿಗೆ ತೋರಿಸು ಎಂದನು. ನಮ್ಮ ಕೂಟಗಳು ಈ ಎರಡನ್ನೂ ತಿರುವುಮುರುವು ಮಾಡಿವೆ. ಫ್ರಾನ್ಸಿನ ಯಾತ್ರಾಸ್ಥಳ ಲೂರ್ದ್‌ನಲ್ಲಿ ಗುಣವಾದೆವೆನ್ನುವವರನ್ನು ಪರೀಕ್ಷಿಸುವ ವೈದ್ಯರ ಕಚೇರಿ 1883ರಿಂದ ಇದೆ. 1858ರಿಂದ ಈಚೆಗೆ 7,000ಕ್ಕೂ ಹೆಚ್ಚು ಜನ ಗುಣವಾದೆವೆಂದು ಹೇಳಿಕೊಂಡರೂ ಧರ್ಮಸಭೆ ಅದ್ಭುತವೆಂದು ಒಪ್ಪಿದ್ದು ಎಪ್ಪತ್ತರ ಆಸುಪಾಸು ಮಾತ್ರ. 18ನೆಯ ಶತಮಾನದಲ್ಲಿ ಲ್ಯಾಂಬರ್ಟಿನಿ, ಮುಂದೆ ಹದಿನಾಲ್ಕನೆಯ ಬೆನೆಡಿಕ್ಟ್ ಎಂಬ ಪೋಪ್ ಜಗದ್ಗುರುಗಳಾದವರು, ಹಾಕಿಕೊಟ್ಟ ಅಳತೆಗೋಲು ಅಲ್ಲಿ ಇಂದಿಗೂ ಬಳಕೆಯಲ್ಲಿದೆ: ರೋಗ ಗಂಭೀರವಾಗಿರಬೇಕು, ತಾನಾಗಿ ಇಳಿಯುವ ಹಂತದಲ್ಲಿ ಇರಬಾರದು, ಗುಣವಾದದ್ದು ಔಷಧಿಯಿಂದ ಎನ್ನುವಂತಿರಬಾರದು, ಗುಣ ಒಮ್ಮೆಲೇ, ಪೂರ್ತಿಯಾಗಿ ಆಗಿರಬೇಕು, ಉಳಿಯಬೇಕು.

ನಿಮ್ಮ ಸಭೆಗೆ ಅಷ್ಟು ದೊಡ್ಡ ಕಚೇರಿ ಬೇಕಿಲ್ಲ. ಒಂದು ಪುಸ್ತಕ, ಸಭೆಯಲ್ಲೇ ಇರುವ ಒಬ್ಬ ವೈದ್ಯರು ಅಥವಾ ನರ್ಸು, ಇಬ್ಬರು ಹಿರಿಯರು ಸಾಕು. ಸಾಕ್ಷಿ ಹೇಳಬೇಕೆಂದವರ ಹಳೆಯ ವರದಿಯ ತಾರೀಖು, ರೋಗ ಗುರುತಿಸಿದ ಆಸ್ಪತ್ರೆ, ಈಗಲೂ ನುಂಗುತ್ತಿರುವ ಔಷಧಿ, ಅದೇ ಪರೀಕ್ಷೆಯ ಹೊಸ ವರದಿ ಇವನ್ನು ಬರೆದುಕೊಳ್ಳಿ. ಕಾಯುವ ಅವಧಿ ರೋಗದಿಂದ ರೋಗಕ್ಕೆ ಬೇರೆ. ಕ್ಷಯಕ್ಕೆ ಚಿಕಿತ್ಸೆ ಮುಗಿದು ಕಫ ಪರೀಕ್ಷೆ ಸರಿಬರುವ ತನಕ. ಕ್ಯಾನ್ಸರಿಗೆ ವೈದ್ಯರು ಐದು ವರ್ಷ ನಿಗಾ ಇಡುವುದುಂಟು, ನಾವೂ ಅಷ್ಟು ಕಾಯಬಹುದು. ರೋಗಿಯ ಒಪ್ಪಿಗೆಯಿಲ್ಲದೆ ಹೆಸರು, ಫೋಟೋ ಹೊರಗೆ ಹೋಗಬಾರದು. ಮಕ್ಕಳ ಸಾಕ್ಷಿಯನ್ನು ವಿಡಿಯೋ ಮಾಡಲೇಬೇಡಿ.

ಕರಪತ್ರದ ವಿಷಯದಲ್ಲಿ ಕಾನೂನೂ ಇದೆ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ತಾಯಿತ, ಮಂತ್ರ, ಕವಚ ಮುಂತಾಗಿ ಪವಾಡಶಕ್ತಿ ಇದೆ ಎನ್ನಲಾದ ವಸ್ತುಗಳಿಂದ ರೋಗ ಗುಣವಾಗುತ್ತದೆಂದು ಪ್ರಚಾರ ಮಾಡುವುದನ್ನು ನಿಷೇಧಿಸುತ್ತದೆ. ಬಾಟಲಿಯ ಎಣ್ಣೆಗೋ ಕರವಸ್ತ್ರಕ್ಕೋ ಬೆಲೆ ಕಟ್ಟಿ ಪಕ್ಕದಲ್ಲಿ ‘ಕ್ಯಾನ್ಸರ್’ ಎಂದು ಅಚ್ಚು ಹಾಕಿಸಿದರೆ ನೀವು ಆ ಕಾಯ್ದೆಯ ಬಾಗಿಲಲ್ಲೇ ನಿಂತಿರುತ್ತೀರಿ.

ಕರವಸ್ತ್ರ ಎಂದೊಡನೆ ಅಪೊಸ್ತಲರ ಕೃತ್ಯಗಳು 19:12 ಹೇಳುತ್ತಾರೆ, ಪೌಲನ ಮೈಮೇಲಿನ ವಸ್ತ್ರ ಮುಟ್ಟಿ ರೋಗಗಳು ಹೋದವೆಂದು. ಹೌದು. ಅದೇ ಪೌಲನು ತ್ರೊಫಿಮನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟು ಬಂದೆನೆಂದು 2 ತಿಮೊಥೆಯ 4:20ರಲ್ಲಿ ಬರೆಯುತ್ತಾನೆ. ಕರವಸ್ತ್ರ ಕಳಿಸಲಿಲ್ಲ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದ. ಎಪಫ್ರೊದೀತನು ರೋಗದಿಂದ ಸಾಯುವ ಹಾಗಿದ್ದನೆಂದು ಬರೆದ. ತನ್ನ ಶರೀರದಲ್ಲಿ ನಾಟಿದ್ದ ಶೂಲಕ್ಕಾಗಿ ಮೂರು ಸಲ ಬೇಡಿಕೊಂಡು, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಪಡೆದ. ಇವರಲ್ಲಿ ಯಾರಿಗೆ ನಂಬಿಕೆ ಸಾಲದಾಗಿತ್ತು? ಬೇತ್ಸಥಾ ಕೊಳದ ಬಳಿ ವಾಸಿಯಾದವನಿಗೆ ತನ್ನನ್ನು ಗುಣಪಡಿಸಿದವನು ಯಾರೆಂದೂ ಗೊತ್ತಿರಲಿಲ್ಲ, ಅವನ ಸುತ್ತ ಮಲಗಿದ್ದ ರೋಗಿಗಳ ಗುಂಪು ಹಾಗೆಯೇ ಉಳಿಯಿತು. ಬೆಂಕಿಯ ಆವಿಗೆಯ ಮುಂದೆ ನಿಂತ ಮೂವರು ಯುವಕರು ದೇವರು ಬಿಡಿಸಬಲ್ಲನೆಂದರು. ಬಿಡಿಸದೆ ಹೋದರೂ ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಎಂದು ದೊರೆಗೆ ಹೇಳಿದರು. ಬಿಡುಗಡೆ ಆಗುವ ಮೊದಲೇ ಹೇಳಿದ ಮಾತು ಅದು, ನಾವು ನಂಬಿಕೆ ಎನ್ನುವುದು ಅದನ್ನೇ. ಕಾಯಿಲೆಯಿಂದ ಕಂಗೆಟ್ಟ ಮನೆಗೆ ಅಪರಾಧದ ಭಾರವನ್ನೂ ಹೊರಿಸಿ ಕಳಿಸುವ ಹಕ್ಕು ಸುವಾರ್ತೆಯಲ್ಲಿ ಯಾರಿಗೂ ಕೊಟ್ಟಿಲ್ಲ.

ಹಿಜ್ಕೀಯನ ಹುಣ್ಣಿಗೆ ಯೆಶಾಯನು ಅಂಜೂರದ ಪಟ್ಟು ಹಾಕಿಸಿದ. ಲೂಕನು ವೈದ್ಯ. ಈ ನಾಡಿನಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಆರಂಭಿಸಿದ ಔಷಧಾಲಯ, ಬೆಂಗಳೂರಿನ ಸೇಂಟ್ ಮಾರ್ಥಾಸ್ (1886), ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ (1906), ಉಡುಪಿಯ ಲೊಂಬಾರ್ಡ್ ಆಸ್ಪತ್ರೆ (1923) ಇವೆಲ್ಲ ಕ್ರಿಸ್ತನನ್ನು ನಂಬಿದವರು ಕಟ್ಟಿದವು. ಆ ನಂಬಿಕೆ ಹಾಸಿಗೆ, ಬ್ಯಾಂಡೇಜು, ರಾತ್ರಿ ಪಾಳಿಯ ರೂಪದಲ್ಲಿ ಕಂಡಿತು.

ಕೊನೆಯದಾಗಿ ಯಾಕೋಬ 5:14. ನಿಮ್ಮಲ್ಲಿ ರೋಗಿ ಇದ್ದರೆ ಅವನು ಸಭೆಯ ಹಿರಿಯರನ್ನು ಕರೆಸಲಿ ಎಂದಿದೆ. ರೋಗಿ ಮೈದಾನಕ್ಕೆ ಬರಬೇಕಾಗಿಲ್ಲ, ಹಿರಿಯರು ಅವನ ಮನೆಗೆ ಹೋಗಬೇಕು. ಇಬ್ಬರು ಹೋಗಿ, ಕಾಲು ಗಂಟೆ ಸಾಕು. ಟಿವಿ ಆರಿಸಲು ಹೇಳಿ, ಹಾಸಿಗೆಯ ಪಕ್ಕ ಕೂತು ಮೊದಲು ಅವರ ಮಾತು ಕೇಳಿ. ಔಷಧಿ ಸರಿಯಾಗಿ ಸಿಗುತ್ತಿದೆಯೇ, ಮುಂದಿನ ತಪಾಸಣೆ ಯಾವಾಗ, ಜೊತೆಗೆ ಹೋಗಲು ಜನ ಇದ್ದಾರೆಯೇ ವಿಚಾರಿಸಿ. ಒಂದು ಕೀರ್ತನೆ ಓದಿ; 13 ಚಿಕ್ಕದು, ಅಳುವವರಿಗೆ 88 ಇನ್ನೂ ಹತ್ತಿರ, ಅದು ಕತ್ತಲಲ್ಲೇ ಮುಗಿಯುತ್ತದೆ. ಎಣ್ಣೆ ಹಚ್ಚುವುದಾದರೆ ಅಡುಗೆಮನೆಯ ಎಣ್ಣೆಯೇ ಆಗಬಹುದು. ಗುಣಪಡಿಸು ಎಂದು ನೇರವಾಗಿ ಬೇಡಿ, ಗುಣವಾಗಿದೆ ಎಂದು ಘೋಷಿಸಬೇಡಿ. ಕಾಣಿಕೆ ಕೊಟ್ಟರೆ ಆ ದಿನ ಬೇಡವೆನ್ನಿ. ಮತ್ತೆ ಯಾವ ದಿನ ಬರುತ್ತೀರೆಂದು ಹೇಳಿ ಎದ್ದು ಬನ್ನಿ, ಹೇಳಿದ ದಿನ ತಪ್ಪದೆ ಹೋಗಿ.

ಕ್ರಿಸ್ತನಲ್ಲಿ ನಿಮ್ಮ ಸಹೋದರ ಸಹೋದರಿಯರು